ಹಿಂದಿನವನಿಗೆ ದಾರಿ

ಕೊಯಮತ್ತೂರಿನ ರೇಸ್ ಟ್ರ್ಯಾಕಿಗೆ ಅಪ್ಪ ಬಂದದ್ದು ಒಂದೇ ಸಲ. ಬೈಲಹೊಂಗಲದಿಂದ ಕಟಿ ರೊಟ್ಟಿಯ ಗಂಟು ಹಿಡಿದುಕೊಂಡು ಬಂದವರು ಮೊದಲು ನನ್ನ ಕಾರನ್ನು ಒಂದು ಸುತ್ತು ಹಾಕಿ ನೋಡಿದರು.

"ಚಕ್ರ ಪೂರಾ ಹೊರಗ ಅದಾವಲ್ಲೋ ತಮ್ಮಾ. ಮಗ್ಗಲಿನವನ ಚಕ್ರ ತಾಗಿದ್ರ?"

ತಾಗಿದರೆ ಕಾರು ಮೇಲಕ್ಕೆ ಹಾರುತ್ತದೆ. ಅದನ್ನು ಹೇಳಲು ನನಗೇನು ಹುಚ್ಚೇ? "ತಾಗೂದಿಲ್ಲ ತಗೋ" ಎಂದೆ. ಎರಡು ದಿನದಿಂದ ನನಗೇ ಅನ್ನ ಇಳಿದಿರಲಿಲ್ಲ.

ನನ್ನ ಹೆದರಿಕೆ ಬೇರೆ. ಮೊದಲ ವರ್ಷ ತರಬೇತಿ ಶಾಲೆಯ ಸಣ್ಣ ಕಾರು, ಎರಡನೆಯ ವರ್ಷ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು, ಹೀಗೆ ಹತ್ತಿ ಬಂದಿದ್ದೆ. ಅಂದಿನ ರೇಸಿನಲ್ಲಿ ಮೊದಲ ಇಬ್ಬರಿಗೆ ಮುಂದಿನ ವರ್ಷ ದೊಡ್ಡ ಕಾರಿನಲ್ಲಿ ಪುಕ್ಕಟೆ ಸೀಟು. ಮೂರನೆಯವನು ಮನೆಗೆ. ನಮ್ಮಂಥವರಿಗೆ ಬೇರೆ ಬಾಗಿಲು ಇರಲಿಲ್ಲ.

ಕೊನೆಯ ಸುತ್ತಿಗೆ ಬಂದಾಗ ನಾನು ಎರಡನೆಯವನು. ಕನ್ನಡಿಯ ತುಂಬ ಹಿಂದಿನವನ ಕಾರಿನ ಕೆಂಪು ಮೂತಿ. ಆರು ಸುತ್ತಿನಿಂದ ಹಾಗೇ ಬೆನ್ನು ಹತ್ತಿದ್ದ. ಪ್ರತಿ ತಿರುವಿನಲ್ಲೂ ಈಗ ನುಗ್ಗಿದ, ಈಗ ನುಗ್ಗಿದ ಎನಿಸುತ್ತಿತ್ತು.

ನಾನು ಸ್ಟೇರಿಂಗ್ ಹಿಡಿಯಲು ಕಲಿತದ್ದು ಅಪ್ಪನ ಕಬ್ಬಿನ ಟ್ರ್ಯಾಕ್ಟರಿನ ಮೇಲೆ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಎರಡು ಟ್ರೇಲರ್ ಎಳೆದುಕೊಂಡು ಹೋಗುವಾಗ ಹಿಂದೆ ಬಸ್ಸು ಬಂದರೆ, ಎದುರಿಗೆ ರಸ್ತೆ ಖಾಲಿ ಇದೆಯೇ ನೋಡಿ, ಎಡಕ್ಕೆ ಸರಿದು, ಬಲಗೈ ಎತ್ತಿ ಮುಂದೆ ಹೋಗೆಂದು ಬೀಸಬೇಕು. ಕಬ್ಬಿನ ಮರೆಯಲ್ಲಿ ಹಿಂದಿನವನಿಗೆ ಏನೂ ಕಾಣುವುದಿಲ್ಲ. ಒಮ್ಮೆ ನಾನು ಬೇಕೆಂದೇ ದಾರಿ ಬಿಡದಿದ್ದಾಗ ಮಗ್ಗಲಲ್ಲಿ ಕೂತಿದ್ದ ಅಪ್ಪ ಟ್ರ್ಯಾಕ್ಟರ್ ನಿಲ್ಲಿಸಲು ಹೇಳಿ ತಲೆಗೆ ಮೊಟಕಿದ್ದರು. "ರಸ್ತಾ ನಿಮ್ಮಪ್ಪಂದೇನ್ಲೇ?" ಕೇಳಿದವರು ನನ್ನಪ್ಪನೇ!

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕೊನೆಯ ನೇರ ದಾರಿಯಲ್ಲಿ ಹಿಂದಿನವನು ಒಮ್ಮೆ ಬಲಕ್ಕೆ ಹಣಿಕಿದ. ಎದುರಿಗೆ ದಾರಿ ಖಾಲಿ ಇತ್ತು. ನನ್ನ ಕಾರು ಎಡಕ್ಕೆ ಸರಿಯಿತು, ಬಲಗೈ ಮೇಲೆದ್ದು ಬೀಸಿತು. ನನ್ನದೇ ಕೈ, ನನ್ನನ್ನೊಂದು ಮಾತೂ ಕೇಳಲಿಲ್ಲ. ಅವನು ಸುಂಯ್ ಎಂದು ಹೋದ. ನಾನು ಮೂರನೆಯವನಾದೆ.

ಕೋಚ್ ಓಡಿ ಬಂದು ಎಂಜಿನ್ ಕೆಟ್ಟಿತೇ ಎಂದು ಕೇಳಿದರು. ರೇಸಿನಲ್ಲಿ ಕೈ ಎತ್ತಿದರೆ ಗಾಡಿ ಕೆಟ್ಟಿದೆ ಎಂದರ್ಥ. ಇಲ್ಲ ಎಂದೆ. ಅವರು ಗೆದ್ದವರ ಕಡೆ ಹೊರಟುಹೋದರು.

ಅಪ್ಪ ಮಾತ್ರ ನಗುತ್ತ ಬಂದರು. ಇಡೀ ರೇಸಿನಲ್ಲಿ ಅವರಿಗೆ ತಿಳಿದದ್ದು ನಾನು ಕೈ ಬೀಸಿ ದಾರಿ ಬಿಟ್ಟದ್ದೊಂದೇ.

"ಚಲೋ ಮಾಡಿದಿ ನೋಡು. ಅಷ್ಟು ಮಂದಿಯೊಳಗ ದಾರಿ ಬಿಟ್ಟಾಂವ ನೀ ಒಬ್ಬನ. ಮುಂದಿನ ವರ್ಷ ದೊಡ್ಡ ಗಾಡಿ ಹೊಡಿಯೂ ಮುಂದ ನಿಮ್ಮವ್ವನ್ನೂ ಕರಕೊಂಡ ಬರತೇನಿ."

ನನ್ನ ಸಿಟ್ಟು ನೆತ್ತಿಗೇರಿತು. "ದೊಡ್ಡ ಗಾಡಿ ಇಲ್ಲ, ಏನೂ ಇಲ್ಲ. ದಾರಿ ಬಿಟ್ಟಿದ್ದಕ್ಕನ ಎಲ್ಲಾ ಹೋತು."

ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮೆಲ್ಲಗೆ ಕೇಳಿದರು: "ಹಂಗಾರ, ನಾ ಕಲಿಸಿದ್ದ ತಪ್ಪಾತೇನು?"

ಇಲ್ಲ ಎನ್ನಬೇಕಿತ್ತು. ಆಗ ನನಗೆ ಇಪ್ಪತ್ತು ವರ್ಷ, ಇಲ್ಲ ಎನ್ನುವಷ್ಟು ಬುದ್ಧಿ ಬಂದಿತ್ತು. ಆದರೂ ಅವರ ಕಣ್ಣಲ್ಲಿ ಕಣ್ಣಿಟ್ಟು ಹೌದು ಎಂದೆ.