ನಾಲಿಗೆಯಡಿಯ ಲವಂಗ

ಈ ಬೆಳಗ್ಗೆ ಹಲ್ಲುನೋವಿಗೆಂದು ಒಂದು ಲವಂಗ ಕಚ್ಚಿದೆ. ಖಾರ ನಾಲಿಗೆಗೆ ತಾಗಿದ್ದೇ ಉಗುಳಿಬಿಟ್ಟೆ. ನೋವಾದರೂ ಇರಲಿ, ಆ ವಾಸನೆ ನನಗೆ ಆಗದು. ಕಾರಣ ಹೇಳುತ್ತೇನೆ, ಕೇಳಿ.

ಮದ್ರಾಸಿನ ಮಾಲು ರೈಲಿನಲ್ಲಿ ಬರುತ್ತಿದ್ದ ಆ ಕಾಲದಲ್ಲಿ ಹೊಸಪೇಟೆಯ ಬಜಾರಿನಲ್ಲಿ ನಾನು ಸೀರೆ ಅಂಗಡಿ ಇಟ್ಟಿದ್ದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹತ್ತು ಸೀರೆ ಬಿಚ್ಚಿಸಿ 'ಬ್ಯಾಡ' ಎಂದವರನ್ನು ಅವರು ಮೆಟ್ಟಿಲು ಇಳಿಯುವವರೆಗೂ ಬೈಯುತ್ತಿದ್ದೆ. ಗಿರಾಕಿಗಳೆಲ್ಲ ಎದುರಂಗಡಿ ಸೇರಿದರು. ಬುದ್ಧಿ ಹೇಳುವ ಹಿರಿಯರಿಲ್ಲದ್ದರಿಂದ ನನಗೆ ನಾನೇ ಮೇಷ್ಟ್ರಾದೆ. ಕಿವಿ ಹಿಂಡುವವನೂ ನಾನೇ, ಹಿಂಡಿಸಿಕೊಳ್ಳುವವನೂ ನಾನೇ. ಗಾದಿಯ ಮೇಲೆ ಕೂತೊಡನೆ ನಾಲಿಗೆಯಡಿ ಒಂದು ಲವಂಗ. ಸಿಟ್ಟು ಬಂದರೆ ಅದು ಮೆತ್ತಗಾಗುವವರೆಗೆ ಬಾಯಿ ತೆರೆಯಕೂಡದು. ಇಷ್ಟೇ ಪಾಠ. ಆರು ತಿಂಗಳಲ್ಲಿ ಅಂಗಡಿ ತುಂಬಿತು. ಮನೆಯಲ್ಲೂ ಗದ್ದಲ ನಿಂತಿತು.

"ಈಗ ನಿಮ್ಮ ಜೋಡಿ ಊಟಕ್ಕ ಕುಂದ್ರಬಹುದು ನೋಡ್ರಿ" ಎಂದಳು ಹೆಂಡತಿ. ನಾನು ಬೀಗಿದೆ.

ಹಾಗೆ ಬೀಗುತ್ತಿದ್ದಾಗಲೇ ಕಂಪ್ಲಿಯಿಂದ ಗಂಗಮ್ಮ ಬಂದಳು. ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡುವವಳು. ಮಗಳ ಮದುವೆಗೆ ಸೀರೆ ಬೇಕಿತ್ತು. ಬಹಳ ಹೊತ್ತು ನೋಡಿ ಒಂದು ಹಸಿರು ಸೀರೆ ಆರಿಸಿ, ಹಣ ಕೊಟ್ಟು, ಅಲ್ಲೇ ಸೆರಗಿನ ಮೂಲೆಗೆ ಅರಿಷಿಣ ಹಚ್ಚಿದಳು. ಅರಿಷಿಣ ಬಿದ್ದ ಸೀರೆ ಮದುಮಗಳದು. ಅದಕ್ಕೆ ಬೇರೆಯವರು ಕೈ ಹಾಕುವುದಿಲ್ಲ.

ಸಾಹುಕಾರನೊಬ್ಬ ಹಾಕಿದ. ನನ್ನ ದೊಡ್ಡ ಗಿರಾಕಿ. ಒಳಗೆ ಬಂದವನೇ ಅವಳ ಮಡಿಲಿನಿಂದ ಸೀರೆ ಎಳೆದು ಬೆಳಕಿಗೆ ಹಿಡಿದ.

"ಇದು ನಮ್ಮ ಮನಿಗಿರ್ಲಿ. ನಿನಗ್ಯಾಕಬೇ ಇಂಥಾದ್ದು, ಕಬ್ಬು ಕಡಿಯಾಕ ಉಟ್ಕೊಂಡು ಹೋಗ್ತೀಯೇನು?"

"ಅರಿಷಿಣ ಹಚ್ಚೀನ್ರಿ, ಧಣಿ."

"ತೊಳದ್ರ ಹೋಗ್ತೈತಿ."

ಗಂಗಮ್ಮ ನನ್ನ ಕಡೆ ತಿರುಗಿದಳು. "ಅಣ್ಣಾರ, ನೀವರ ಒಂದು ಮಾತು ಹೇಳ್ರಿ."

ನನಗೆ ಸಿಟ್ಟು ಬಂದಿತ್ತು. ಅದನ್ನು ಖಂಡಿತವಾಗಿ ಹೇಳಬಲ್ಲೆ. ಲವಂಗ ಇನ್ನೂ ಗಟ್ಟಿಯಾಗಿತ್ತು. ಬಾಯಿ ತೆರೆಯಲಿಲ್ಲ. ಕೈ ತಾನಾಗಿ ಸೀರೆಯನ್ನು ಮಡಿಚಿ ಸಾಹುಕಾರನಿಗೆ ಕೊಟ್ಟಿತು, ಗಂಗಮ್ಮನ ಹಣವನ್ನು ಅವಳ ಮುಂದಿಟ್ಟಿತು. 'ಕೈ ತಾನಾಗಿ' ಎಂದೆನಲ್ಲ, ಅದು ಸುಳ್ಳು. ಕೊಟ್ಟವನು ನಾನು.

ಸಂಜೆ ಪಕ್ಕದಂಗಡಿಯವರು, "ಭಾಳ ತಾಳ್ಮಿ ಕಲ್ತೀರಿ ಬಿಡ್ರಿ" ಎಂದು ಮೆಚ್ಚಿದರು. ಅಂಥ ತಾಳ್ಮೆಗೆ ಬೆಂಕಿ ಬೀಳಲಿ. ಬಡವಳ ಮಡಿಲಿಗೆ ಕೈ ಹಾಕಿದವನು ದೊಡ್ಡ ಮನುಷ್ಯ, ಕಣ್ಣಾರೆ ಕಂಡು ಸುಮ್ಮನಿದ್ದವನು ಜಾಣ. ಇದು ನಮ್ಮ ಪೇಟೆಯ ನ್ಯಾಯ.

ಮರುದಿನ ಇನ್ನೂ ಒಳ್ಳೆಯ ಸೀರೆ ಹಿಡಿದು ಕಂಪ್ಲಿಗೆ ಹೋದೆ. ಗಂಗಮ್ಮ ಕೂರಿಸಿದಳು, ನೀರು ಕೊಟ್ಟಳು. ಸೀರೆ ಮುಟ್ಟಲಿಲ್ಲ.

"ಸೀರಿ ಎಲ್ಲೆರ ಸಿಗ್ತಾವ್ರಿ. ನಿನ್ನೆ ಬೇಕಾಗಿದ್ದು ನಿಮ್ಮ ಮಾತು."

ಅಂಗಡಿ ಈಗ ನನ್ನ ತಂಗಿಯ ಮಗನದು. ಅವನಿಗೂ ನನ್ನದೇ ಮೂಗು. ಇವತ್ತು ಮಧ್ಯಾಹ್ನ ಬಂದು ಕೇಳಿದ: "ಮಾವ, ನಾಳೆ ನಿಮ್ಮ ಹಳೇ ದೊಡ್ಡ ಗಿರಾಕಿ, ಆ ಸಾಹುಕಾರ್ರು, ಮಾಲು ನೋಡಾಕ ಬರ್ತಾರ. ಏನಂದ್ರೂ ಸುಮ್ಕಿರೋದು ಹೆಂಗಂತ ಹೇಳಿಕೊಡ್ರಿ."

"ನಾಳೆ ಗಾದಿ ಮ್ಯಾಲೆ ನಾನು ಕುಂದ್ರತೀನಿ. ನೀ ಬಾಜೂಕ ಕುಂತು ಕೇಳು."

"ಏನ್ ಹೇಳ್ತೀರಿ ಅವ್ರಿಗೆ?"

ಹನ್ನೆರಡು ವರ್ಷ ತಡವಾದ ಮಾತು. ಗಂಗಮ್ಮನ ಹೆಸರಿನಿಂದ ಶುರುಮಾಡುತ್ತೇನೆ.