ಕೈ ಕೊಟ್ಟಿದ್ದು ಯಾವುದು?

ಬೈಕು ಕೈ ಕೊಡುತ್ತದೆ, ಕರೆಂಟು ಕೈ ಕೊಡುತ್ತದೆ, ನಂಬಿದ ಗೆಳೆಯ ಕೈ ಕೊಡುತ್ತಾನೆ. ಗೆಳೆಯನನ್ನು ಬಿಟ್ಟರೆ ಇವುಗಳಲ್ಲಿ ಯಾವುದಕ್ಕೂ ಕೈಯಿಲ್ಲ. ಆದರೂ ನಾವೆಲ್ಲ ಹಾಗೇ ಹೇಳುತ್ತೇವೆ, ಕೇಳಿದವರಿಗೆ ಅರ್ಥವೂ ಆಗುತ್ತದೆ. ನನಗೆ ಕಾಲೇಜಿನ ಎರಡನೇ ವರ್ಷದಲ್ಲಿ ನಿಜವಾದ ಕೈಯೇ ಕೈ ಕೊಟ್ಟಿತು. ಅದನ್ನು ಹೇಳಿದೆ, ಕೇಳಿದವರಿಗೆ ಬೇರೆ ಏನೋ ಅರ್ಥವಾಯಿತು, ನಾನು ತಿದ್ದಲಿಲ್ಲ. ಇದನ್ನು ಬರೆಯುವುದಕ್ಕೆ ನನಗೆ ಹದಿನೆಂಟು ವರ್ಷ ಹಿಡಿಯಿತು. ಈಗಲೂ ನಾಚಿಕೆ ಹೋಗಿಲ್ಲ.

ನನಗೆ ಸಂಧಿವಾತ ಬಂದದ್ದು ಹದಿನಾಲ್ಕನೇ ವಯಸ್ಸಿನಲ್ಲಿ. "ಇದು ಮುದುಕರಿಗೆ ಬರೋದಲ್ವಾ?" ಎಂದು ಕೇಳದವರೇ ಇಲ್ಲ. ನಮ್ಮಜ್ಜಿಗೂ ಇದೇ ಇತ್ತು. ಅವಳ ಬೆರಳುಗಳೆಲ್ಲ ಒಂದೇ ಕಡೆ ವಾಲಿಕೊಂಡಿದ್ದವು. ಅವಳ ರವಿಕೆಯ ಗುಂಡಿಯನ್ನು ಅಮ್ಮ ಹಾಕಿಕೊಡುತ್ತಿದ್ದಳು. ನಾನೂ ಮೆಟ್ಟಿಲನ್ನು ಕಂಬಿ ಹಿಡಿದು ಒಂದೊಂದಾಗಿ ಹತ್ತತೊಡಗಿದ ಮೇಲೆ ಶಾಲೆಯಲ್ಲಿ ನನಗೆ 'ಅಜ್ಜಿ' ಎಂದು ಹೆಸರಿಟ್ಟರು. ಮೂರು ವರ್ಷ ಆ ಹೆಸರಿಗೆ ಓಗೊಟ್ಟೆ. ಕಾಲೇಜಿಗೆಂದು ಊರು ಬಿಡುವಾಗ ಒಂದೇ ಒಂದು ತೀರ್ಮಾನ ಮಾಡಿದ್ದೆ: ಅಲ್ಲಿ ಯಾರಿಗೂ ಗೊತ್ತಾಗಬಾರದು.

ಅಮ್ಮ ಅದಕ್ಕೆ ತದ್ವಿರುದ್ಧ. ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿಕೊಂಡು, ಪ್ಲಾಸ್ಟಿಕ್ ಕವರಿಗೆ ಹಾಕಿ ನನ್ನ ಪೆಟ್ಟಿಗೆಯಲ್ಲಿಟ್ಟಳು. "ಹೋದ ದಿನವೇ ಕಾಲೇಜಲ್ಲಿ ಕೊಟ್ಟುಬಿಡು. ಬೆಳಿಗ್ಗೆ ಹೊತ್ತು ಕೈ ಬಗ್ಗಲ್ಲ ಅಂತ ಅದರಲ್ಲಿ ಬರೆದಿದ್ದಾರೆ. ನೀನು ಬಾಯಿ ಬಿಡೋದೂ ಬೇಕಾಗಿಲ್ಲ." ನಾನು ಆ ಕವರನ್ನು ಪೆಟ್ಟಿಗೆಯ ತಳದ ಪೇಪರಿನ ಅಡಿಗೆ ತಳ್ಳಿದೆ. ವಾರಕ್ಕೊಮ್ಮೆ ಫೋನಿನಲ್ಲಿ "ಚೀಟಿ ಕೊಟ್ಯಾ?" ಎಂದು ಕೇಳುತ್ತಿದ್ದಳು. "ಕೊಟ್ಟೆ ಕಣಮ್ಮಾ, ಎಷ್ಟು ಸಲ ಕೇಳ್ತೀಯ?" ಎಂದು ಅವಳ ಮೇಲೇ ರೇಗುತ್ತಿದ್ದೆ.

ಬಚ್ಚಿಡುವುದೂ ಒಂದು ವಿದ್ಯೆ, ಅದರಲ್ಲಿ ನಾನು ಪಳಗಿದೆ. ಹಾಸ್ಟೆಲಿನಲ್ಲಿ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಎದ್ದು ಬಚ್ಚಲಿನಲ್ಲಿ ಬಿಸಿನೀರಿಗೆ ಕೈಯದ್ದಿ ಕೂರುತ್ತಿದ್ದೆ. ನೀರು ಆರುವ ಹೊತ್ತಿಗೆ ಬೆರಳು ಅರ್ಧ ಮಡಚುತ್ತಿತ್ತು. ಗುಂಡಿಯಿರುವ ಬಟ್ಟೆಯನ್ನೇ ಇಟ್ಟುಕೊಳ್ಳಲಿಲ್ಲ. ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿದ್ದೆ, ಯಾರಾದರೂ ಕೇಳಿದರೆ ಗುರುತಿಗೆ ಎನ್ನುತ್ತಿದ್ದೆ. ಭಾನುವಾರ ನುಂಗಬೇಕಾದ ವಾರದ ಮಾತ್ರೆಗಳಿಗೆ 'ವಿಟಮಿನ್' ಎಂದು ಹೆಸರು. ಸೋಮವಾರ ಅದರಿಂದ ಬರುವ ವಾಕರಿಕೆಗೆ ಮೆಸ್ಸಿನ ಅಡುಗೆಯನ್ನು ಬೈಯುತ್ತಿದ್ದೆ. ಪಾಪ, ಅಡುಗೆಯವನ ತಪ್ಪೇನೂ ಇರಲಿಲ್ಲ.

ನನ್ನ ರೂಮಿನವಳೇ ಲ್ಯಾಬಿನಲ್ಲೂ ನನ್ನ ಜೊತೆಗಾತಿ. ಅವಳನ್ನು ಎಲ್ಲರೂ ಗಿಣಿ ಎನ್ನುತ್ತಿದ್ದರು. ನಿದ್ದೆಯಲ್ಲೂ ಬಾಯಿ ಮುಚ್ಚುವವಳಲ್ಲ. ಒಳ್ಳೆಯ ಹುಡುಗಿ, ಆದರೆ ಅವಳಿಗೆ ಒಂದು ವಿಷಯ ಹೇಳಿದರೆ ಧ್ವನಿವರ್ಧಕ ಬೇಕಿರಲಿಲ್ಲ. ಬಕೆಟ್ ನೀರು ಎತ್ತಲು ನಾನು ಹಿಂದೆಮುಂದೆ ನೋಡಿದಾಗ, "ಮಹಾರಾಣಿಯವರಿಗೆ ಕೈ ನೋಯುತ್ತೇನೋ!" ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಅಜ್ಜಿಗಿಂತ ಮಹಾರಾಣಿ ಎಷ್ಟೋ ವಾಸಿ.

ಇನ್ನು ಗಾಜಣ್ಣ. ಅವರು ನಮ್ಮ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್. ಇಪ್ಪತ್ತೆರಡು ವರ್ಷ ಗಾಜಿನ ಸಾಮಾನಿನ ಜೊತೆಯಲ್ಲೇ ಕಳೆದಿದ್ದರಿಂದ ಆ ಹೆಸರು. ಮೂತಿ ಒಡೆದ ಪಿಪೆಟ್ಟನ್ನು ಬೆಂಕಿಯ ಮೇಲೆ ತಿರುಗಿಸುತ್ತಾ ಮತ್ತೆ ನುಣುಪು ಮಾಡುತ್ತಿದ್ದರು. ನಾವು ಬರುವುದಕ್ಕೆ ಮೊದಲೇ ಪ್ರತಿ ಮೇಜಿನ ಸ್ಟ್ಯಾಂಡಿಗೆ ಗಾಜನ್ನು ಹಿಡಿದುಕೊಳ್ಳುವ ಕ್ಲ್ಯಾಂಪ್ ಜೋಡಿಸಿ, ತಿರುಪು ಬಿಗಿ ಮಾಡಿ, ಗಾಜಿಗೆ ಬೆರಳಿನಿಂದ ಒಮ್ಮೆ ಟಣ್ ಎಂದು ಹೊಡೆದು ಮುಂದೆ ಹೋಗುತ್ತಿದ್ದರು. "ನನ್ನ ಕೈಲಿ ಇಲ್ಲಿವರೆಗೆ ಒಂದೂ ಬಿದ್ದಿಲ್ಲಮ್ಮ" ಎನ್ನುವುದು ಅವರ ಹೆಮ್ಮೆ. ವರ್ಷಕ್ಕೆ ನಾಲ್ಕು ಸಲ ಅದನ್ನು ಕೇಳಬೇಕಾಗುತ್ತಿತ್ತು. ಒಂದು ದಿನ ನಾನು ಪೆನ್ನು ಹಿಡಿಯಲು ಒದ್ದಾಡುವುದನ್ನು ನೋಡಿ, "ಬರೆದೂ ಬರೆದೂ ಬೆರಳು ನೋವಾ?" ಎಂದು ಕೇಳಿದರು. ಹೂಂ ಎಂದೆ. ರಬ್ಬರ್ ಪೈಪಿನ ಒಂದು ತುಂಡು ಕತ್ತರಿಸಿ ಪೆನ್ನಿಗೆ ತೊಡಿಸಿಕೊಟ್ಟರು. "ದಪ್ಪ ಆಯ್ತು, ಈಗ ಹಿಡಿ." ಆ ಕಾಲೇಜಿನಲ್ಲಿ ನನ್ನ ನೋವಿಗೆ ಒಬ್ಬರು ಏನಾದರೂ ಮಾಡಿದ್ದರೆ ಅದು ಅವರೊಬ್ಬರೇ. ಅದೂ ಪೂರ್ತಿ ಗೊತ್ತಿಲ್ಲದೆ.

ಭಟ್ಟಿ ಇಳಿಸುವ ಪ್ರಯೋಗದ ದಿನ ಲ್ಯಾಬ್ ಬೆಳಿಗ್ಗೆ ಎಂಟೂವರೆಗಿತ್ತು. ನನ್ನ ಕೈಗೆ ಅದು ಹೊತ್ತೇ ಅಲ್ಲ. ಆವಿ ತಣಿಸುವ ಮೊಳದುದ್ದದ ಗಾಜಿನ ಕಂಡೆನ್ಸರನ್ನು ಗಾಜಣ್ಣ ಕ್ಲ್ಯಾಂಪಿಗೆ ಸಿಕ್ಕಿಸಿಟ್ಟಿದ್ದರು. ನಮ್ಮ ಮೇಜಿನದು ಎರಡು ಬೆರಳು ಎತ್ತರವಾಗಿ, ಫ್ಲಾಸ್ಕಿನ ಬಾಯಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಗಿಣಿ ನೀರಿನ ಪೈಪು ತರಲು ಆ ಕಡೆ ಹೋಗಿದ್ದಳು. ನಾನೇ ಇಳಿಸೋಣ ಎಂದು ತಿರುಪಿಗೆ ಕೈ ಹಾಕಿದೆ. ಎಷ್ಟು ಬಿಗಿಯಿತ್ತೆಂದರೆ ಕರ್ಚೀಫ್ ಸುತ್ತಿ ಅಂಗೈಯಿಂದ ಒತ್ತಿ ತಿರುಗಿಸಬೇಕಾಯಿತು. ಸಡಿಲವಾಯಿತು. ಇಳಿಸಿದೆ. ಮತ್ತೆ ಬಿಗಿ ಮಾಡಲು ಹೋದರೆ ಬೆರಳು ಕೇಳಲಿಲ್ಲ. ಅಷ್ಟರಲ್ಲಿ ಗಿಣಿ ಬಂದಳು. "ಇದನ್ನ ಸ್ವಲ್ಪ ತಿರುಗಿಸೇ" ಎಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಯಾಕೆ ಎಂದು ಕೇಳುತ್ತಾಳಲ್ಲ ಎಂಬ ಭಯ. ಕಂಡೆನ್ಸರನ್ನು ಎಡಗೈಯಲ್ಲಿ ಹಿಡಿದುಕೊಂಡು, ಎಲ್ಲ ಸರಿಯಿದೆ ಎನ್ನುವ ಮುಖ ಮಾಡಿ ನಿಂತೆ. ಹತ್ತು ಎಣಿಸುವಷ್ಟರಲ್ಲಿ ಮಣಿಕಟ್ಟಿನಲ್ಲಿ ಚಳಕ್ಕೆಂದಿತು, ಹಿಡಿತ ಬಿಟ್ಟುಹೋಯಿತು. ಗಾಜು ಮೇಜಿನ ಅಂಚಿಗೆ ಬಡಿದು ಚೂರಾಗಿ ಗಿಣಿಯ ಪಾದದ ಮೇಲೆ ಬಿತ್ತು. ಅವಳು ಚಪ್ಪಲಿಯಲ್ಲಿದ್ದಳು.

ಲ್ಯಾಬ್ ನೋಡಿಕೊಳ್ಳುತ್ತಿದ್ದ ಕೆಮಿಸ್ಟ್ರಿ ಮೇಡಂ ಓಡಿ ಬಂದರು. "ಏನಾಯ್ತು?"

"ಕೈ ಕೊಡ್ತು ಮೇಡಂ."

ದೇವರಾಣೆಗೂ ನಾನು ನಿಜವನ್ನೇ ಹೇಳಿದ್ದೆ. ಕಾಲೇಜಿಗೆ ಬಂದ ಮೇಲೆ ಮೊದಲ ಸಲ, ಯೋಚನೆ ಮಾಡದೆ, ನನ್ನ ಕೈಯ ಬಗ್ಗೆ ಬಾಯಿ ಬಿಟ್ಟಿದ್ದೆ.

"ಯಾವ್ದು, ಕ್ಲ್ಯಾಂಪ್ ಕೈ ಕೊಡ್ತಾ?" ಎನ್ನುತ್ತಾ ಮೇಡಂ ತಿರುಪು ಮುಟ್ಟಿದರು. ಅದು ಗಿರ್ರನೆ ತಿರುಗಿತು. "ನೋಡಿ, ಬಿಗಿಯೇ ಮಾಡಿಲ್ಲ!"

ನಾನು ತಲೆಯಾಡಿಸಿದೆ. ಹೌದೋ ಅಲ್ಲವೋ ತಿಳಿಯದ ಹಾಗೆ ಆಡಿಸಿದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೌದು ಎಂದೇ ಆಡಿಸಿದ್ದು.

ಗಾಜಣ್ಣ ಪೊರಕೆ ಹಿಡಿದು ಬಂದವರು ಅಲ್ಲೇ ನಿಂತರು. ತಿರುಪನ್ನು ಹಿಂದೆ ಮುಂದೆ ತಿರುಗಿಸಿದರು. "ಬಿಗಿ ಮಾಡಿದ್ದೆ ಅನ್ಸುತ್ತೆ ಮೇಡಂ..."

"ಅನ್ಸಿದ್ರೆ ಸಾಕಾ? ಆ ಹುಡುಗಿ ಕಾಲು ನೋಡಿ."

ಅವರು ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನಾನು ಎಡಗೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡೆ. "ತಪ್ಪಾಯ್ತು ಮೇಡಂ" ಎಂದರು ಗಾಜಣ್ಣ. ನನಗೆ ಖಾತ್ರಿಯಾಯಿತು: ಇವರಿಗೆ ಗೊತ್ತಾಗಿದೆ, ರಬ್ಬರ್ ಪೈಪು ಕೊಟ್ಟವರಲ್ಲವೇ, ನನ್ನ ಮಾನ ಉಳಿಸಲು ಸುಮ್ಮನಿದ್ದಾರೆ. ಆ ಎಣಿಕೆಯಲ್ಲಿ ನನಗೆ ಎಷ್ಟು ನೆಮ್ಮದಿ ಸಿಕ್ಕಿತೆಂದು ಹೇಳಲೂ ನಾಚಿಕೆಯಾಗುತ್ತದೆ.

ಗಿಣಿಗೆ ನಾಲ್ಕು ಹೊಲಿಗೆ ಬಿತ್ತು. ಅವಳು ಮಂಚದ ಮೇಲೆ ಕಾಲು ಚಾಚಿಕೊಂಡು, "ಆ ಮುದುಕಪ್ಪನಿಗೆ ಕಣ್ಣೂ ಇಲ್ಲ ಕೈಯೂ ಇಲ್ಲ" ಎಂದು ಬಂದವರಿಗೆಲ್ಲ ಹೇಳುವಾಗ ನಾನು ಅವಳ ಬೆನ್ನಿಗೆ ದಿಂಬು ಸರಿಮಾಡುತ್ತಿದ್ದೆ. ಮುಂದಿನ ಸೋಮವಾರವೇ ಗಾಜಣ್ಣನನ್ನು ಲ್ಯಾಬಿನಿಂದ ತೆಗೆದು ಸೈಕಲ್ ಸ್ಟ್ಯಾಂಡಿಗೆ ಹಾಕಿದರು. ನಿವೃತ್ತಿಗೆ ಐದೇ ತಿಂಗಳಿತ್ತು. "ಆ ಸ್ಟ್ಯಾಂಡಿಂದ ಈ ಸ್ಟ್ಯಾಂಡಿಗೆ ಬಡ್ತಿ ಆಯ್ತು" ಎಂದು ಅವರೇ ತಮಾಷೆ ಮಾಡಿದರಂತೆ. ಕೇಳಿದವರೆಲ್ಲ ನಕ್ಕರು.

ಮುಂದಿನ ಗೇಟಿನಲ್ಲೇ ಸೈಕಲ್ ಸ್ಟ್ಯಾಂಡ್. ನಾನು ಹಿಂದಿನ ಗೇಟಿನಿಂದ ಓಡಾಡತೊಡಗಿದೆ. ಮುಕ್ಕಾಲು ಮೈಲಿ ಸುತ್ತು. ಪಾದದ ಕೀಲುಗಳು ಊದಿರುವ ದಿನಗಳಲ್ಲಿ ಅದು ಸಣ್ಣ ಶಿಕ್ಷೆಯಲ್ಲ. ಆ ನೋವನ್ನು ನಾನು ತೆರಿಗೆ ಕಟ್ಟಿದ ಹಾಗೆ ಕಟ್ಟಿ, ಇಷ್ಟಾದರೂ ಅನುಭವಿಸುತ್ತಿದ್ದೇನಲ್ಲ ಎಂದುಕೊಳ್ಳುತ್ತಿದ್ದೆ. ನಾಳೆ ಮೇಡಂಗೆ ಹೇಳುತ್ತೇನೆ, ಪರೀಕ್ಷೆ ಮುಗಿಯಲಿ, ಗಿಣಿಯ ಕಾಲು ಪೂರ್ತಿ ವಾಸಿಯಾಗಲಿ. ನೆಪಕ್ಕೆ ಬರವೇ? ಪೆಟ್ಟಿಗೆಯ ತಳದಲ್ಲಿ ಆ ಚೀಟಿ ಹಾಗೇ ಇತ್ತು.

ಲೈಬ್ರರಿಯ ಕಿಟಕಿಯಿಂದ ಸ್ಟ್ಯಾಂಡ್ ಕಾಣುತ್ತಿತ್ತು. ಗಾಜಣ್ಣ ಸೈಕಲ್ಲಿಗೆ ಟೋಕನ್ ಕಟ್ಟುತ್ತಿದ್ದರು. ಗಂಟು ಹಾಕಿ ಎಳೆದು ನೋಡುವರು. ನಾಲ್ಕು ಹೆಜ್ಜೆ ಹೋಗಿ ಹಿಂದೆ ಬಂದು ಮತ್ತೆ ಎಳೆದು ನೋಡುವರು. ಒಂದೇ ಸೈಕಲ್ಲಿಗೆ ಮೂರು ಸಲ. ಬಿಸಿಲಿಗೆ ತಲೆ ಕೆಟ್ಟಿರಬೇಕು ಎಂದು ಪಕ್ಕದವಳು ನಕ್ಕಳು. ನನಗೂ ವಿಚಿತ್ರ ಅನ್ನಿಸಿತು, ಅಷ್ಟೇ. ಪುಸ್ತಕಕ್ಕೆ ತಲೆ ಬಗ್ಗಿಸಿದೆ.

ಅವರು ನಿವೃತ್ತರಾಗುವ ದಿನ ಮೇಡಂ ಲ್ಯಾಬಿನಲ್ಲೇ ಒಂದು ಸಣ್ಣ ಬೀಳ್ಕೊಡುಗೆ ಇಟ್ಟರು. "ಎಷ್ಟಾದರೂ ಇಪ್ಪತ್ತೆರಡು ವರ್ಷ ಇಲ್ಲೇ ದುಡಿದವರು" ಎಂದರು. ಮಧ್ಯಾಹ್ನ ಮೂರು ಗಂಟೆ. ಅವರ ಹೆಂಡತಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಸಾಲಿನಲ್ಲಿದ್ದರು. ಅವರಿಗೆ ಚಹಾ ಕೊಡುವ ಕೆಲಸ ನನಗೆ ಬಂತು. ಮಗು ಕೈಬೀಸಿ ಕಪ್ಪನ್ನು ತಳ್ಳಲು ನೋಡಿತು.

"ಅಮ್ಮಾ, ಮಗೂನ ಅಜ್ಜನ ಹತ್ತಿರ ಕೊಡಿ, ನೀವು ಚಹಾ ಕುಡೀರಿ" ಎಂದೆ.

"ಅವರು ಎತ್ಕೊಳಲ್ಲಮ್ಮ" ಎಂದು ಆಕೆ ದನಿ ತಗ್ಗಿಸಿದರು. "ಮಗು ಹುಟ್ಟಿ ನಾಲ್ಕು ತಿಂಗಳಾಯ್ತು, ಒಂದು ದಿನ ಎತ್ಕೊಂಡಿಲ್ಲ. ಜಾರಿಬಿಡುತ್ತೆ ಅಂತಾರೆ. ಮನೇಲಿ ಗ್ಯಾಸ್ ಆರ್ಸಿ ಮೂರು ಸಲ ನೋಡ್ತಾರೆ, ಬಾಗಿಲ ಚಿಲಕ ನಾಲ್ಕು ಸಲ. ಇಲ್ಲಿ ಯಾವುದೋ ಗಾಜು ಬಿತ್ತಲ್ಲ, ಆವತ್ತಿಂದ ಹೀಗೆ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ ಕಣೇ, ಅಂತಾರೆ."

ನಾನು ಕಪ್ಪನ್ನು ಮೇಜಿನ ಮೇಲಿಟ್ಟೆ. ಇಲ್ಲದಿದ್ದರೆ ಅದೂ ಬೀಳುತ್ತಿತ್ತು. ಗಾಜಣ್ಣನಿಗೆ ಗೊತ್ತೇ ಇರಲಿಲ್ಲ. ನನ್ನ ಮಾನ ಉಳಿಸಲು ಅವರು ಸುಮ್ಮನಿದ್ದರೆಂಬುದು ನನ್ನ ಅನುಕೂಲಕ್ಕೆ ನಾನೇ ಕಟ್ಟಿಕೊಂಡ ಕಥೆ. ನಾನು ನನ್ನ ಕೈಯನ್ನು ನೋಡುವ ಹಾಗೆ ಅವರು ಐದು ತಿಂಗಳು ತಮ್ಮ ಕೈಯನ್ನು ಅನುಮಾನದಿಂದ ನೋಡಿದ್ದರು. ರೋಗ ನನ್ನದು, ಅದರ ಅತಿ ಕೆಟ್ಟ ಭಾಗವನ್ನು ಅವರಿಗೆ ದಾಟಿಸಿದ್ದೆ.

ಮೇಡಂ ಎರಡು ಮಾತಾಡಿ ಎಂದಾಗ ಗಾಜಣ್ಣ ಎದ್ದು ನಿಂತರು. ಗಿಣಿಯ ಕಡೆ ತಿರುಗಿದರು. "ಈ ಮಗು ಕಾಲಿಗೆ ನನ್ನಿಂದ ಗಾಯ ಆಯ್ತು. ಕ್ಷಮಿಸಬೇಕಮ್ಮ. ಇಪ್ಪತ್ತೆರಡು ವರ್ಷ ಸರಿಯಾಗಿದ್ದಿದ್ದು, ಕೊನೇಲಿ ಕೈ ಕೊಡ್ತು."

"ಅಲ್ಲ" ಎಂದೆ. ಯಾರಿಗೂ ಕೇಳಿಸಲಿಲ್ಲ. "ಅಲ್ಲ ಗಾಜಣ್ಣ, ಕೈ ಕೊಟ್ಟಿದ್ದು ನಂದು!"

ಎಲ್ಲರೂ ತಿರುಗಿ ನೋಡಿದರು. ನಾನು ಎರಡೂ ಕೈಯನ್ನು ಮುಂದೆ ಚಾಚಿದೆ. ಗಂಟು ಗಂಟಾದ ಬೆರಳುಗಳು, ಅಜ್ಜಿಯ ಹಾಗೇ ಆಗಲೇ ಸ್ವಲ್ಪ ವಾಲತೊಡಗಿದ್ದವು. "ನನಗೆ ಸಂಧಿವಾತ ಇದೆ ಮೇಡಂ. ಬೆಳಿಗ್ಗೆ ಹೊತ್ತು ಬೆರಳು ಮಡಚಲ್ಲ. ಆವತ್ತು ನಾನು ಕೈ ಕೊಡ್ತು ಅಂದಿದ್ದು ನನ್ನ ಕೈನ. ಕ್ಲ್ಯಾಂಪಾ ಅಂತ ನೀವು ಕೇಳಿದ್ರಿ. ನಾನು ಹೌದು ಅಂತ ತಲೆಯಾಡಿಸಿಬಿಟ್ಟೆ. ತಿರುಪು ಸಡಿಲ ಮಾಡಿದ್ದೂ ನಾನೇ."

"ಐದು ತಿಂಗಳಿಂದ ಏನ್ ಮಾಡ್ತಿದ್ದೆ?" ಎಂದರು ಮೇಡಂ. ಗಿಣಿ ತನ್ನ ಪಾದವನ್ನು ನೋಡಿದಳು, ನನ್ನನ್ನು ನೋಡಿದಳು. ಅವಳನ್ನು ಮಾತಿಲ್ಲದೆ ನಾನು ನೋಡಿದ್ದು ಅದೊಂದೇ ಸಲ.

"ಹಾಗಾದ್ರೆ..." ಗಾಜಣ್ಣ ನಿಧಾನವಾಗಿ ಕೇಳಿದರು, "ನಾನು ಬಿಗಿ ಮಾಡಿದ್ನಾ?"

"ಮಾಡಿದ್ರಿ. ಬಿಚ್ಚೋದಕ್ಕೆ ನಾನು ಕರ್ಚೀಫ್ ಸುತ್ತಬೇಕಾಯ್ತು."

ಅವರು ಹೆಂಡತಿಯ ಕಡೆ ತಿರುಗಿದರು. "ಕೇಳಿದ್ಯಾ? ಬಿಗಿ ಮಾಡಿದ್ದೆ ಕಣೇ. ಬಿಗಿ ಮಾಡಿದ್ದೆ." ತಮ್ಮ ಎರಡೂ ಅಂಗೈಯನ್ನು ಒಮ್ಮೆ ಅಂಗಿಗೆ ಒರೆಸಿಕೊಂಡರು. ಬಗ್ಗಿ, ಮೊಮ್ಮಗಳ ಕಂಕುಳಿಗೆ ಕೈ ಕೊಟ್ಟು ಎತ್ತಿ ಎದೆಗೆ ಒತ್ತಿಕೊಂಡರು. ಮಗು ಅವರ ಕನ್ನಡಕ ಕಿತ್ತುಕೊಂಡಿತು.

ನಾನು ಚಾಚಿದ ಕೈಯನ್ನು ಹಾಗೇ ಹಿಡಿದು ನಿಂತಿದ್ದೆ. ಗಾಜಣ್ಣ ಮಗುವನ್ನು ಎತ್ತಿಕೊಂಡೇ ಎಲ್ಲರಿಗೂ ಹೇಳಿ ಹೊರಟರು. ನನ್ನ ಮುಂದೆಯೇ ಹೋದರು, ನನ್ನ ಕಡೆ ನೋಡಲಿಲ್ಲ.