ನಿಂತು ಬಂದವನ ಮೇಲಿನ ಸಾಕ್ಷಿ

ಏಳು ವರ್ಷದ ಹಿಂದೆ ಗಂಗಾವತಿಯಲ್ಲಿ ಒಂದು ಕಲ್ಯಾಣ ಮಂಟಪ ಕಟ್ಟುತ್ತಿದ್ದಾಗ ನಾನು ಅಲ್ಲಿ ಗುತ್ತಿಗೆದಾರರ ಸೂಪರ್‌ವೈಸರ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಆಳುಗಳನ್ನು ಅನುಮಾನದಿಂದ ನೋಡುವುದೇ ನನ್ನ ಕೆಲಸ ಎಂದುಕೊಂಡಿದ್ದೆ. ಜ್ವರ ಎಂದವನ ಕುತ್ತಿಗೆ ಮುಟ್ಟಿ ನೋಡದೆ ಮನೆಗೆ ಕಳಿಸಿದವನಲ್ಲ.

ತಾವರಗೇರಾದ ಯಮನೂರಪ್ಪ ಸೆಂಟ್ರಿಂಗ್ ಕೆಲಸದವನು. ಸ್ಲ್ಯಾಬ್ ಒಣಗುವವರೆಗೆ ಕೆಳಗೆ ಹಲಗೆ, ಕಂಬ ಕೊಟ್ಟು ಹಿಡಿಯುವುದು ಆ ಕೆಲಸ. ಒಂದು ದಿನ ಹಲಗೆ ಜಾರಿ, ಮೊದಲ ಮಹಡಿಯಿಂದ ಬಿದ್ದು ಅವನ ಸೊಂಟದ ಮೂಳೆ ಮುರಿಯಿತು. ಮುಂದೆ ದುಡಿಯಲಾಗದು ಎಂದು ಪರಿಹಾರಕ್ಕೆ ಕೇಸು ಹಾಕಿದ. ಕೆಲಸದಲ್ಲಿ ಬಿದ್ದದ್ದನ್ನು ಯಾರೂ ಅಲ್ಲಗಳೆಯಲಿಲ್ಲ. ದುಡಿಯುವ ಶಕ್ತಿ ಎಷ್ಟು ಹೋಗಿದೆ ಎಂಬುದರ ಮೇಲೆ ಪರಿಹಾರ ನಿಂತಿತ್ತು.

"ಅವ ನಾಟಕ ಮಾಡಾಕತ್ಯಾನ. ಹಿಂದ ಬಿದ್ದು ನೋಡ್ಕೊಂಡು ಬಾ," ಎಂದರು ಗುತ್ತಿಗೆದಾರರು. ನನಗೂ ಹಾಗೇ ಅನಿಸಿತ್ತು.

ತಾವರಗೇರಾದಲ್ಲಿ ಅವನು ಕುಷ್ಟಗಿ ಬಸ್ ಹತ್ತಿದಾಗ, ಮುಖಕ್ಕೆ ಟವೆಲ್ ಸುತ್ತಿಕೊಂಡು ನಾನೂ ಹತ್ತಿ ಒಬ್ಬ ಹೆಂಗಸಿನ ಹಿಂದಿನ ಸೀಟಿನಲ್ಲಿ ಕೂತೆ. ಅವನು ಎರಡೂ ಕೈಯಲ್ಲಿ ಕಂಬಿ ಹಿಡಿದು ನೆಟ್ಟಗೆ ನಿಂತ.

"ಸೀಟ ಖಾಲಿ ಐತಿ, ಕುಂದರೋ ಮಾರಾಯಾ. ಕುಂತ್ರೂ ನಿಂತ್ರೂ ಟಿಕೆಟ್ ರೊಕ್ಕ ಒಂದ," ಎಂದ ಕಂಡಕ್ಟರ್.

"ಇರ್ಲಿ ಬಿಡ್ರಿ, ನಿಂತ ಬರ್ತೀನಿ."

ಮುಕ್ಕಾಲು ತಾಸು ನಿಂತೇ ಬಂದ. ಸಿಕ್ಕಿಬಿದ್ದ ಎಂದು ನಾನು ಒಳಗೊಳಗೇ ಹಿಗ್ಗಿದೆ.

ನ್ಯಾಯಾಲಯದಲ್ಲಿ ಅದನ್ನೇ ಹೇಳಿದೆ. ಅವನ ವಕೀಲರು ಕೇಳಿದರು: "ಬಸ್ಸಿನಲ್ಲಿ ಸೀಟು ಖಾಲಿ ಇದ್ದವೇ?"

ಆಗ ನನಗೆ ಹೊಳೆಯಿತು. ಸೊಂಟ ಊರಿ ಕೂರಲಾಗದೆ ಅವನು ನಿಂತಿದ್ದ. ಗುತ್ತಿಗೆದಾರರು ನನ್ನ ಮುಖವನ್ನೇ ನೋಡುತ್ತಿದ್ದರು.

"ಇರ್ಲಿಲ್ರಿ. ಬಸ್ ತುಂಬ ಮಂದಿ ಇತ್ತು," ಎಂದೆ.

ಹೊರಗೆ ಒಬ್ಬ ಹೆಂಗಸು ದಾರಿಗೆ ಅಡ್ಡ ಬಂದಳು. "ನಾ ಯಮನೂರಪ್ಪನ ಹೇಣ್ತಿರಿ, ದುರಗವ್ವ. ಟವೆಲ್ ಮುಚ್ಕೊಂಡು ನನ್ನ ಹಿಂದಿನ ಸೀಟಿನ್ಯಾಗ ಕುಂತಾವ್ರು ನೀವ ಅಲ್ಲೇನ್ರಿ ಅಣ್ಣಾರ? ನನ್ನ ಬಾಜೂಕ ಖಾಲಿ ಇತ್ತಲ್ರಿ. ಒಳಗ ಬಂದು ಅಷ್ಟ ಹೇಳ್ರಿ. ಬ್ಯಾರೆ ಏನೂ ಹೇಳಬ್ಯಾಡ್ರಿ."

"ಅದು ಬ್ಯಾರೆ ಬಸ್ ಇರಬೇಕವ್ವಾ," ಎಂದು ತಪ್ಪಿಸಿಕೊಂಡು ನಡೆದೆ.

ಕೇಳಿದ್ದರಲ್ಲಿ ಕಾಲು ಭಾಗವೂ ಅವನಿಗೆ ಸಿಗಲಿಲ್ಲ. ಗುತ್ತಿಗೆದಾರರು ನ್ಯಾಯಾಲಯದ ಆದೇಶವನ್ನು ನನ್ನ ಕೈಗೆ ಕೊಟ್ಟು ಓದಿಸಿದರು. ಈ ಸಾಕ್ಷಿಗೆ ಕಾರ್ಮಿಕನ ಮೇಲೆ ಹಗೆಯಿಲ್ಲ, ಆದ್ದರಿಂದ ಇವನ ಮಾತನ್ನು ನಂಬಬಹುದು ಎಂದು ಅದರಲ್ಲಿತ್ತು. ಹಗೆ ಇರಲಿಲ್ಲ, ನಿಜ. ಆ ಕೇಸಿನಲ್ಲಿ ಬಿದ್ದವನನ್ನು, ಅವನ ಹೆಂಡತಿಯನ್ನು, ಡಾಕ್ಟರರ ಚೀಟಿಯನ್ನು ಎಲ್ಲರೂ ಅನುಮಾನದಿಂದ ನೋಡಿದರು. ಯಾರೂ ಅನುಮಾನಿಸದೆ ಬಿಟ್ಟದ್ದು ನನ್ನೊಬ್ಬನನ್ನೇ.